ಕಾರು ತಗ್ಗಿಸುವ ಮುನ್ನ ಅಳೆಯಬೇಕಾದುದು ಅಂದವನ್ನಲ್ಲ, ಅಂತರವನ್ನು

ಬಸವಕಲ್ಯಾಣ/ಹುಮನಾಬಾದ್: ಪುಣೆ–ಸೊಲ್ಲಾಪುರ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯಲ್ಲಿ ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್, ಮನ್ನಾಎಖ್ಖೆಳ್ಳಿಗಳನ್ನು ಹಾದು ತೆಲಂಗಾಣ ಸೇರುತ್ತದೆ. ಹಿಂದೆ ಹೆದ್ದಾರಿ 9 ಎಂದು ಕರೆಯಲಾಗುತ್ತಿದ್ದ ಈ ಮಾರ್ಗ ಈಗ ಚತುಷ್ಪಥ. ಶಕ್ತಿಶಾಲಿ ಎಂಜಿನ್‌ನ ಕಾರು ಕೊಂಡವರಿಗೆ ಇಂತಹ ರಸ್ತೆಯೊಂದು ಮನೆಯ ಹತ್ತಿರವೇ ಇದ್ದರೆ ಕಾರಿನ ಎತ್ತರವನ್ನು ಇನ್ನಷ್ಟು ತಗ್ಗಿಸಿ, ತಿರುವುಗಳಲ್ಲಿ ಹಿಡಿತ ಹೆಚ್ಚಿಸಿಕೊಳ್ಳುವ ಆಸೆ ಮೂಡುವುದು ಸಹಜ.

ಆದರೆ ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸವಕಲ್ಯಾಣದತ್ತ ಹೊರಳಿದರೆ ಅಥವಾ ಹುಮನಾಬಾದ್ ಪಟ್ಟಣದೊಳಗೆ ಪ್ರವೇಶಿಸಿದರೆ ಪರಿಸ್ಥಿತಿ ಬೇರೆಯೇ. ಊರೊಳಗಿನ ರಸ್ತೆಯುಬ್ಬುಗಳು, ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಕಪ್ಪು ಮಣ್ಣಿನ ಮೇಲೆ ಅಲೆಯಂತೆ ಏಳುಬೀಳಾಗುವ ಡಾಂಬರು, ಕಬ್ಬಿನ ಹಂಗಾಮಿನಲ್ಲಿ ಭಾರದ ಟ್ರಾಕ್ಟರುಗಳು ಬಿಟ್ಟುಹೋಗುವ ಗಾಲಿಯ ಜಾಡು. ಕಾರಿನ ಸಸ್ಪೆನ್ಷನ್ ಬಿಡಿಭಾಗಗಳನ್ನು ಆಯ್ಕೆ ಮಾಡಬೇಕಾದುದು ಹೆದ್ದಾರಿಯನ್ನು ಕಂಡಲ್ಲ, ಈ ಕೊನೆಯ ಐದಾರು ಕಿಲೋಮೀಟರನ್ನು ಕಂಡು. ಇದನ್ನು ಮರೆತವರು ಮೊದಲು ಎಂಜಿನ್ ಕೆಳಗಿನ ರಕ್ಷಣಾ ಫಲಕವನ್ನು, ಅದೃಷ್ಟ ಕೆಟ್ಟರೆ ಆಯಿಲ್ ಸಂಪ್ ಅನ್ನೇ ಕಳೆದುಕೊಳ್ಳುತ್ತಾರೆ.

ತಗ್ಗಿಸಿದರೆ ಲಾಭವೇನು?

ಲಾಭ ಇಲ್ಲದಿಲ್ಲ. ತಿರುವಿನಲ್ಲಿ ಕಾರಿನ ಭಾರ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಎಷ್ಟು ವರ್ಗವಾಗುತ್ತದೆ ಎಂಬುದನ್ನು ಕಾರಿನ ಗುರುತ್ವ ಕೇಂದ್ರದ ಎತ್ತರ ಮತ್ತು ಎಡಬಲ ಚಕ್ರಗಳ ನಡುವಿನ ಅಗಲ ನಿರ್ಧರಿಸುತ್ತವೆ. ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿರುವ ಕಾರನ್ನು 3 ಸೆಂ.ಮೀ. ತಗ್ಗಿಸಿದರೆ ಈ ವರ್ಗಾವಣೆ ಶೇ 5ರಷ್ಟು ಕಡಿಮೆಯಾಗುತ್ತದೆ. ಅಷ್ಟೇ. ತಗ್ಗಿಸಿದ ಕಾರು 'ನೆಲಕ್ಕೆ ಅಂಟಿಕೊಂಡಂತೆ' ಓಡುತ್ತದೆ ಎಂಬ ಭಾವನೆಯ ಬಹುಪಾಲು ಬರುವುದು ಎತ್ತರ ಇಳಿದುದರಿಂದಲ್ಲ, ಜೊತೆಗೆ ಬಂದ ಬಿಗಿಯಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳಿಂದ.

ಇಲ್ಲೊಂದು ವಿಪರ್ಯಾಸವೂ ಇದೆ. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆ. ಇದರಲ್ಲಿ ಕಾರನ್ನು ತಗ್ಗಿಸಿದಾಗ ಕೆಳಗಿನ ಕಂಟ್ರೋಲ್ ಆರ್ಮ್‌ನ ಕೋನ ಬದಲಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ದೂರ ಹೆಚ್ಚುತ್ತದೆ. ಪರಿಣಾಮವಾಗಿ, ಸ್ಪ್ರಿಂಗ್‌ನ ಬಿಗಿತ ಹೆಚ್ಚಿಸದೆ ಎತ್ತರವನ್ನಷ್ಟೇ ಇಳಿಸಿದ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಬಹುದು. ಸ್ಪರ್ಧೆಯ ಕಾರುಗಳಲ್ಲಿ ಬಾಲ್ ಜಾಯಿಂಟ್‌ನ ಸ್ಥಾನವನ್ನೇ ಕೆಳಗಿಳಿಸಿ ಈ ದೋಷ ಸರಿಪಡಿಸುತ್ತಾರೆ. ದಿನಬಳಕೆಯ ಕಾರಿಗೆ ಸುಲಭವಾದ ದಾರಿ, ಕಡಿಮೆ ತಗ್ಗಿಸುವುದು.

ರಸ್ತೆಯುಬ್ಬಿನ ಲೆಕ್ಕ

ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 99 ಮಾನದಂಡದ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ದುಂಡನೆಯ ಕಮಾನಿನಂತೆ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ವಾಹನ ದಾಟಲೆಂಬುದು ಅದರ ಉದ್ದೇಶ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.65 ಮೀಟರ್ ಅಂತರವಿರುವ ಮಧ್ಯಮ ಗಾತ್ರದ ಸೆಡಾನ್ ಇಂತಹ ಉಬ್ಬಿನ ಮೇಲೆ ಬಂದಾಗ, ನೆತ್ತಿಯು ಕಾರಿನ ಹೊಟ್ಟೆಯ ಕೆಳಗಿರುವ ಹೊತ್ತಿಗೆ ನಾಲ್ಕೂ ಚಕ್ರಗಳು ಉಬ್ಬಿನ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಹೊಟ್ಟೆಗೆ ಬೇಕಾದ ಅಂತರ ಸುಮಾರು 5 ಸೆಂ.ಮೀ. ಮಾತ್ರ. ಅಂದರೆ ನಿಯಮದಂತೆ ಕಟ್ಟಿದ ಉಬ್ಬು ತಗ್ಗಿಸಿದ ಕಾರಿಗೂ ಅಷ್ಟಾಗಿ ತೊಂದರೆ ಕೊಡದು.

ಸಂಕಷ್ಟವಿರುವುದು ಮನೆ ಮುಂದೆ, ಶಾಲೆ ಮುಂದೆ ಊರವರೇ ಒಂದು ಬುಟ್ಟಿ ಕಾಂಕ್ರೀಟ್ ಸುರಿದು ಎಬ್ಬಿಸುವ ಗಿಡ್ಡ ಉಬ್ಬಿನಲ್ಲಿ. ಅದರ ಅಗಲ ಒಂದು ಮೊಳವೂ ಇರುವುದಿಲ್ಲ. ಮುಂದಿನ ಚಕ್ರ ಆಚೆ ಇಳಿದು, ಹಿಂದಿನ ಚಕ್ರ ಈಚೆ ನಿಂತಿರುವಾಗ ಉಬ್ಬಿನ ಪೂರ್ತಿ ಎತ್ತರ ಕಾರಿನ ಹೊಟ್ಟೆಯ ಕೆಳಗೆ ಹಾಯಬೇಕು. ಉಬ್ಬು 12 ಸೆಂ.ಮೀ. ಇದ್ದರೆ ಬೇಕಾಗುವುದು 12 ಸೆಂ.ಮೀ. ರಿಯಾಯಿತಿಯ ಪ್ರಶ್ನೆಯೇ ಇಲ್ಲ.

ಈಗ ಕಾರಿನ ಕಡೆಯ ಲೆಕ್ಕ. ಫೋಕ್ಸ್‌ವ್ಯಾಗನ್ ವರ್ಟಸ್ ಹಾಗೂ ಸ್ಕೋಡಾ ಸ್ಲಾವಿಯಾ ಕಾರುಗಳಿಗೆ ಕಂಪನಿಗಳು ಘೋಷಿಸಿರುವ ನೆಲದಂತರ 179 ಮಿ.ಮೀ. ಇದು ಖಾಲಿ ಕಾರಿನ ಅಳತೆ ಎಂಬುದನ್ನು ಗಮನಿಸಬೇಕು. 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದರೆ 139 ಉಳಿಯುತ್ತದೆ. ನಾಲ್ವರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರು ಇನ್ನೂ 30 ಮಿ.ಮೀ. ಆಸುಪಾಸು ಕುಸಿಯುತ್ತದೆ. ಉಳಿಯುವುದು 109. ಮೇಲೆ ಹೇಳಿದ 12 ಸೆಂ.ಮೀ. ಉಬ್ಬನ್ನು ನಡಿಗೆಯ ವೇಗದಲ್ಲಿ ದಾಟಿದರೂ ತಳ ಉಜ್ಜುವುದು ಖಚಿತ. ಉಬ್ಬಿನಿಂದ ಇಳಿಯುವಾಗ ಕಾರು ತಗ್ಗುವ ಪ್ರಮಾಣವನ್ನು ಇಲ್ಲಿ ಸೇರಿಸಿಯೇ ಇಲ್ಲ. 25 ಮಿ.ಮೀ. ಮಾತ್ರ ತಗ್ಗಿಸಿದ್ದರೆ ಅದೇ ಲೆಕ್ಕದಲ್ಲಿ 124 ಉಳಿಯುತ್ತಿತ್ತು. ಕೂದಲೆಳೆಯಲ್ಲಿ ಪಾರು! ಈ ಭಾಗದ ರಸ್ತೆಗಳಿಗೆ 15ರಿಂದ 25 ಮಿ.ಮೀ.ಗಿಂತ ಹೆಚ್ಚು ತಗ್ಗಿಸುವುದು ವಿವೇಕವಲ್ಲ ಎನ್ನಲು ಇದೇ ಆಧಾರ. ಕುಟುಂಬ ಸಮೇತ ಓಡಾಡುವವರು 15ಕ್ಕೇ ನಿಲ್ಲಿಸುವುದು ಲೇಸು.

ಕಣ್ಣಿಗೆ ಕಾಣದ ಅಂತರ

ತಳ ಉಜ್ಜುವುದು ಕಿವಿಗೆ ಕೇಳಿಸುತ್ತದೆ. ಅದಕ್ಕಿಂತ ಅಪಾಯಕಾರಿಯಾದುದು ಕಾಣದ, ಕೇಳದ ಇನ್ನೊಂದು ಅಂತರ. ಚಕ್ರವು ಹಳ್ಳದಿಂದ ಮೇಲಕ್ಕೆ ಚಿಮ್ಮಿದಾಗ ಸರಿಯಲು ಅದಕ್ಕೆ ಜಾಗ ಬೇಕು. ಆ ಜಾಗ ಮುಗಿದಾಗ ಶಾಕ್ ಅಬ್ಸಾರ್ಬರ್ ದಂಡದ ಮೇಲಿರುವ ಬಂಪ್ ಸ್ಟಾಪ್ ಎಂಬ ರಬ್ಬರಿನಂತಹ ತಡೆ ಹೊಡೆತವನ್ನು ತಾಳಿಕೊಳ್ಳುತ್ತದೆ. ಕಾರನ್ನು ಎಷ್ಟು ಮಿ.ಮೀ. ತಗ್ಗಿಸುತ್ತೇವೆಯೋ ಹೆಚ್ಚು ಕಡಿಮೆ ಅಷ್ಟೇ ಮಿ.ಮೀ. ಈ ಜಾಗದಿಂದ ಕಳೆಯುತ್ತದೆ.

ಒಂದು ಕಾರಿನಲ್ಲಿ ಮೇಲ್ಮುಖ ಚಲನೆಗೆ 80 ಮಿ.ಮೀ. ಇದೆಯೆಂದು ಭಾವಿಸೋಣ. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 50. ಸ್ಪ್ರಿಂಗ್ ಹೀರಿಕೊಳ್ಳಬಲ್ಲ ಶಕ್ತಿಯು ಈ ಅಂತರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹಾಗಾಗಿ ಮೊದಲಿನಷ್ಟೇ ದೊಡ್ಡ ಹೊಡೆತವನ್ನು 50 ಮಿ.ಮೀ.ನಲ್ಲಿ ತಾಳಿಕೊಳ್ಳಲು ಎರಡೂವರೆ ಪಟ್ಟು ಬಿಗಿಯಾದ ಸ್ಪ್ರಿಂಗ್ ಬೇಕು. ಅಷ್ಟು ಬಿಗಿ ಮಾಡಿದರೆ ಕಾರಿನಲ್ಲಿ ಕೂರುವುದು ಎತ್ತಿನ ಬಂಡಿಯಲ್ಲಿ ಕೂತಂತೆ. ಆದುದರಿಂದ ತಗ್ಗಿಸುವ ಸ್ಪ್ರಿಂಗ್‌ಗಳ ಬಿಗಿತವನ್ನು ಅಷ್ಟು ಏರಿಸುವುದಿಲ್ಲ. ಶೇ 30ರಷ್ಟು ಬಿಗಿಯಾದ ಸ್ಪ್ರಿಂಗ್ ಹಾಕಿ 30 ಮಿ.ಮೀ. ತಗ್ಗಿಸಿದ ಕಾರು, ಬಂಪ್ ಸ್ಟಾಪ್‌ಗೆ ತಾಗುವ ಮುನ್ನ ಮೂಲ ಕಾರಿನ ಅರ್ಧದಷ್ಟು ಹೊಡೆತವನ್ನಷ್ಟೇ ತಾಳಬಲ್ಲದು. 15 ಮಿ.ಮೀ. ತಗ್ಗಿಸಿ, ಬಿಗಿತವನ್ನು ಶೇ 20ರಷ್ಟು ಹೆಚ್ಚಿಸಿದರೆ ಈ ಸಾಮರ್ಥ್ಯದ ಶೇ 80ರಷ್ಟು ಉಳಿಯುತ್ತದೆ. ಹದಿನೈದು ಮಿಲಿಮೀಟರ್‌ನ ಬೆಲೆ ಇಷ್ಟು.

ಇದರಿಂದಾಗುವ ಅನಾಹುತ ಯಾವುದು? ರಾತ್ರಿ ಹೊತ್ತು ಹೈದರಾಬಾದ್ ಕಡೆಯಿಂದ ನಾಲ್ವರನ್ನು ಹೊತ್ತು ಮರಳುವ ಕಾರು ಹೆದ್ದಾರಿಯ ತಿರುವಿನಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ತಿರುವಿನ ನಡುವೆ ಸೇತುವೆಯ ಜೋಡಣೆಯಲ್ಲಿ ರಸ್ತೆ ಕುಸಿದಿದೆ. ಭಾರದಿಂದಲೂ ವಾಲುವಿಕೆಯಿಂದಲೂ ಹೊರಬದಿಯ ಸ್ಪ್ರಿಂಗ್ ಆಗಲೇ ಅದುಮಿ ಹೋಗಿರುತ್ತದೆ. ಆ ತಗ್ಗು ಅದನ್ನು ಒಮ್ಮೆಲೇ ಬಂಪ್ ಸ್ಟಾಪ್‌ಗೆ ಒತ್ತುತ್ತದೆ. ಆ ಕ್ಷಣದಲ್ಲಿ ಆ ಮೂಲೆಯ ಬಿಗಿತ ಹಲವು ಪಟ್ಟು ಏರಿ, ಟಯರು ರಸ್ತೆಯಿಂದ ಜಿಗಿಯುತ್ತದೆ ಅಥವಾ ಜಾರುತ್ತದೆ. ಹಿಂದಿನ ಚಕ್ರಕ್ಕೆ ಹೀಗಾದರೆ ಕಾರಿನ ಹಿಂಭಾಗ ತಿರುಗಿ ಹೋಗುತ್ತದೆ. ಹಿಡಿತ ಹೆಚ್ಚಿಸಲೆಂದು ಮಾಡಿದ ಕೆಲಸವೇ, ಹಿಡಿತ ಅತ್ಯಗತ್ಯವಾದ ಗಳಿಗೆಯಲ್ಲಿ ಕೈ ಕೊಡುವುದು ಹೀಗೆ.

ಸ್ಪ್ರಿಂಗ್ ಒಂದೇ ಸಾಲದು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಆಯ್ಕೆಗಳು ಲಭ್ಯ: ಸ್ಪ್ರಿಂಗ್ ಮಾತ್ರ, ಹೊಂದುವ ಶಾಕ್ ಅಬ್ಸಾರ್ಬರ್ ಸಹಿತ ಸ್ಪ್ರಿಂಗ್ ಜೋಡಿ, ಹಾಗೂ ಎತ್ತರವನ್ನು ತಿರುಪಿನಂತೆ ಹೊಂದಿಸಬಹುದಾದ ಕಾಯಿಲ್‌ಓವರ್.

ಹೆಚ್ಚಿನವರು ಆರಂಭಿಸುವುದು ಅಗ್ಗದ ಮೊದಲನೆಯದರಿಂದ. ಸ್ಪ್ರಿಂಗ್‌ನ ಕೆಲಸ ಭಾರ ಹೊರುವುದು. ಅದು ಅದುಮಿ ಮತ್ತೆ ಚಿಮ್ಮುವುದನ್ನು ಹದ್ದುಬಸ್ತಿನಲ್ಲಿಡುವುದು, ಗ್ಯಾರೇಜುಗಳಲ್ಲಿ 'ಶಾಕಪ್' ಎಂದೇ ಹೆಸರಾದ ಶಾಕ್ ಅಬ್ಸಾರ್ಬರ್‌ನ ಕೆಲಸ. ಸ್ಪ್ರಿಂಗ್ ಶೇ 30ರಷ್ಟು ಬಿಗಿಯಾದರೆ ಶಾಕ್ ಅಬ್ಸಾರ್ಬರ್‌ನ ತಡೆಯೂ ಶೇ 14ರಷ್ಟಾದರೂ ಹೆಚ್ಚಬೇಕು. ಮೂಲ ಬಿಡಿಭಾಗ ಹೊಸದಾಗಿದ್ದರೆ ಅಷ್ಟನ್ನು ಹೇಗೋ ನಿಭಾಯಿಸೀತು. 60–70 ಸಾವಿರ ಕಿ.ಮೀ. ಓಡಿದ, ಒಳಗಿನ ಎಣ್ಣೆ ದಣಿದ ಶಾಕ್ ಅಬ್ಸಾರ್ಬರ್ ಮೇಲೆ ಹೊಸ ಬಿಗಿ ಸ್ಪ್ರಿಂಗ್ ಕೂರಿಸಿದರೆ ಕಾರು ಹೆದ್ದಾರಿಯ ಅಲೆಗಳ ಮೇಲೆ ದೋಣಿಯಂತೆ ಹೊಯ್ದಾಡುತ್ತದೆ. ಪೋಲೊ ಜಿಟಿ ಟಿಎಸ್‌ಐ, ಆಕ್ಟೇವಿಯಾ ಆರ್‌ಎಸ್‌ನಂತಹ ಕಾರುಗಳನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಳ್ಳುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಿದು.

ಉದ್ದದ ಪ್ರಶ್ನೆಯೂ ಇದೆ. ಮೂಲ ಎತ್ತರಕ್ಕೆಂದು ತಯಾರಾದ ಶಾಕ್ ಅಬ್ಸಾರ್ಬರ್‌ನ ಪಿಸ್ಟನ್, ತಗ್ಗಿಸಿದ ಕಾರಿನಲ್ಲಿ ಸದಾ ತಳದ ಸಮೀಪವೇ ಕೆಲಸ ಮಾಡಬೇಕಾಗುತ್ತದೆ. ಜರ್ಮನಿಯ ಬಿಲ್‌ಸ್ಟೈನ್ ಕಂಪನಿ ಇದೇ ಕಾರಣಕ್ಕೆ ಎರಡು ಬೇರೆ ಬೇರೆ ಶ್ರೇಣಿಗಳನ್ನು ಇಟ್ಟಿದೆ: ಮೂಲ ಎತ್ತರದ ಕಾರಿಗೆ ಬಿ6, ತಗ್ಗಿಸಿದ ಕಾರಿಗೆ ಗಿಡ್ಡ ಕವಚದ ಬಿ8. ಐಬಾಕ್ ಕಂಪನಿಯ ಪ್ರೊ-ಕಿಟ್‌ನಂತಹ ಸ್ಪ್ರಿಂಗ್ ಕೊಳ್ಳುವವರು ಅದರ ಜೊತೆಗೆ ಬಿ8ರಂತಹ ಗಿಡ್ಡ ಶಾಕ್ ಅಬ್ಸಾರ್ಬರ್ ತಮ್ಮ ಕಾರಿನ ಮಾದರಿಗೆ ದೊರೆಯುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ದೊರೆಯದಿದ್ದರೆ ಕಡಿಮೆ ತಗ್ಗಿಸುವ ಸ್ಪ್ರಿಂಗ್‌ಗೆ ತೃಪ್ತಿಪಡಬೇಕು. ದಿನಬಳಕೆಯ ಕಾರಿಗೆ ಇಂತಹ ಹೊಂದುವ ಜೋಡಿಗಿಂತ ಮಿಗಿಲಾದ ಆಯ್ಕೆಯಿಲ್ಲ.

ಕಾಯಿಲ್‌ಓವರ್ ಹೆಸರೇ ಆಕರ್ಷಕ. ಕೆಡಬ್ಲ್ಯು ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರವನ್ನಷ್ಟೇ ಹೊಂದಿಸಬಹುದು. ವೇರಿಯಂಟ್ 2ರಲ್ಲಿ ಸ್ಪ್ರಿಂಗ್ ಮರಳಿ ಚಿಮ್ಮುವ ವೇಗವನ್ನೂ, 3ರಲ್ಲಿ ಅದುಮುವ ವೇಗವನ್ನೂ ಹೊಂದಿಸಲು ಸಾಧ್ಯ. ಆದರೆ ಹೊಂದಿಸುವ ತಿರುಪುಗಳು ಹೆಚ್ಚಿದಷ್ಟೂ ತಪ್ಪು ಹೊಂದಿಸುವ ಅವಕಾಶಗಳೂ ಹೆಚ್ಚು. ಆಮದು ಸುಂಕ ಸೇರಿ ಲಕ್ಷ ರೂಪಾಯಿ ದಾಟುವ ಈ ಬಿಡಿಭಾಗದಿಂದ ಎಣ್ಣೆ ಸೋರಿದರೆ ಸ್ಥಳೀಯವಾಗಿ ರಿಪೇರಿ ಕಷ್ಟ. ಕಪ್ಪು ಮಣ್ಣಿನ ಕೆಸರು ಎತ್ತರ ಹೊಂದಿಸುವ ಮರೆಯಲ್ಲಿ ಕೂತು ಗಟ್ಟಿಯಾದರೆ ರಿಂಗು ತಿರುಗುವುದೇ ಇಲ್ಲ. ಕೊಳ್ಳುವುದೇ ಆದರೆ ಮರೆಯ ಭಾಗ ಸ್ಟೇನ್‌ಲೆಸ್ ಸ್ಟೀಲ್‌ನದ್ದಾಗಿರಲಿ, ದಂಡಕ್ಕೆ ಧೂಳು ತಡೆಯುವ ರಬ್ಬರ್ ಕವಚವಿರಲಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೊಳೆದು ತಿರುಗಿಸಿ ನೋಡುವ ವ್ಯವಧಾನವಿರಲಿ. ಹೆಚ್ಚು ತಗ್ಗಿಸಬಹುದು ಎಂಬುದು ಕಾಯಿಲ್‌ಓವರ್ ಕೊಳ್ಳಲು ಕಾರಣವಾಗಬಾರದು. ಬೇಕಾದಷ್ಟೇ ತಗ್ಗಿಸಿ ನಿಲ್ಲಬಹುದು ಎಂಬುದು ಅದರ ನಿಜವಾದ ಅನುಕೂಲ.

ಕತ್ತರಿಸಿದ ಸ್ಪ್ರಿಂಗ್ ಬೇಡವೇ ಬೇಡ

ಮೂಲ ಸ್ಪ್ರಿಂಗ್‌ನ ಒಂದೆರಡು ಸುತ್ತು ಕತ್ತರಿಸುವುದು ಅಥವಾ ಗ್ಯಾಸ್ ಕಟ್ಟರ್‌ನಿಂದ ಕಾಯಿಸಿ ಕುಸಿಯುವಂತೆ ಮಾಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಲಾರಿಯ ಕಮಾನು ಪಟ್ಟಿ ತೆಗೆದು ಹಾಕಿದಷ್ಟೇ ಸುಲಭ ಎಂದು ಇದನ್ನು ಭಾವಿಸುವವರಿದ್ದಾರೆ. ಕಮಾನು ಪಟ್ಟಿಯನ್ನು ಬೋಲ್ಟು, ಕ್ಲಾಂಪುಗಳು ಹಿಡಿದಿಡುತ್ತವೆ. ಸುರುಳಿ ಸ್ಪ್ರಿಂಗ್ ಹಾಗಲ್ಲ, ತನ್ನದೇ ಒತ್ತಡದಿಂದ ತಟ್ಟೆಯ ಮೇಲೆ ಕೂತಿರುತ್ತದೆ. ಕತ್ತರಿಸಿದ ಸ್ಪ್ರಿಂಗ್, ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಸಡಿಲಗೊಂಡು ಸ್ಥಾನ ಪಲ್ಲಟವಾಗಬಹುದು. ಕಾಯಿಸಿದ ಸ್ಪ್ರಿಂಗ್‌ನ ಉಕ್ಕು ತನ್ನ ಹದ ಕಳೆದುಕೊಂಡು ದಿನೇ ದಿನೇ ಕುಸಿಯುತ್ತದೆ ಅಥವಾ ಒಂದು ದಿನ ತುಂಡಾಗುತ್ತದೆ. ತಗ್ಗಿಸಿದ ಬಳಿಕ ತಳ ಉಜ್ಜುತ್ತದೆಂದು ಸ್ಪ್ರಿಂಗ್‌ನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವುದಂತೂ ಹಾಸ್ಯಾಸ್ಪದ. ಎತ್ತರ ಬೇಕಿದ್ದರೆ ತಗ್ಗಿಸುವ ಅಗತ್ಯವಾದರೂ ಏನಿತ್ತು?

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಕಲಮಿನಲ್ಲಿ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ನೋಂದಣಿ ಪತ್ರದಲ್ಲಿ ಕಾರಿನ ಎತ್ತರದ ಉಲ್ಲೇಖವೇ ಇಲ್ಲ, ಆದ್ದರಿಂದ ಸ್ಪ್ರಿಂಗ್ ಬದಲಾವಣೆ ಅಪರಾಧವಲ್ಲ ಎಂಬ ವಾದ ಕಾರು ಪ್ರಿಯರಲ್ಲಿ ಚಾಲ್ತಿಯಲ್ಲಿದೆ. ಅಪಘಾತದ ಬಳಿಕ ವಿಮೆಯ ಸರ್ವೇಯರ್ ಎದುರು ಈ ವಾದ ನಿಲ್ಲುತ್ತದೆಂಬ ಭರವಸೆ ಯಾರೂ ಕೊಡಲಾರರು. ಮಾರ್ಪಾಡನ್ನು ತಿಳಿಸದೆ ಮುಚ್ಚಿಟ್ಟರೆ ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ಅದೊಂದು ಕಾರಣವಾಗಬಹುದು. ಬಸವಕಲ್ಯಾಣದಲ್ಲೇ ಕೆಎ 56 ಸಂಕೇತದ ಸಾರಿಗೆ ಕಚೇರಿ ಇರುವುದರಿಂದ ಹಣ ಸುರಿಯುವ ಮುನ್ನ ಅಲ್ಲಿಯೂ, ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ಜರ್ಮನಿಯಲ್ಲಿ ಇಂತಹ ಬಿಡಿಭಾಗಗಳು ಪರೀಕ್ಷಾ ವರದಿಯೊಂದಿಗೆ ಬರುತ್ತವೆ. ಜೋಡಿಸಿದ ಬಳಿಕ ತಜ್ಞರು ಕಾರನ್ನು ತಪಾಸಣೆ ಮಾಡಿ ದಾಖಲೆಯಲ್ಲಿ ನಮೂದಿಸುತ್ತಾರೆ. ನಮ್ಮಲ್ಲಿ ಅಂತಹ ಸುಗಮ ವ್ಯವಸ್ಥೆ ಇಲ್ಲದಿರುವುದು ಕೊರತೆಯೇ ಸರಿ. ಆದರೂ ಆ ವರದಿ ಇರುವ ಬಿಡಿಭಾಗವನ್ನೇ ಆರಿಸಿಕೊಂಡರೆ, ನಿರ್ದಿಷ್ಟ ಮಾದರಿಯ ಕಾರಿನಲ್ಲಿ ಅದನ್ನು ಪರೀಕ್ಷಿಸಲಾಗಿದೆ ಎಂಬ ಖಾತ್ರಿಯಾದರೂ ಇರುತ್ತದೆ.

ಜೋಡಣೆಯ ದಿನ

ಒಳ್ಳೆಯ ಬಿಡಿಭಾಗ ಕೊಂಡು ಜೋಡಣೆಯಲ್ಲಿ ಕೆಡಿಸಿಕೊಳ್ಳುವವರೇ ಅಧಿಕ. ಸ್ಟ್ರಟ್ ಬಿಚ್ಚಿದಾಗ ಮೇಲಿನ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಸವೆದ ಬಾಲ್ ಜಾಯಿಂಟ್‌ಗಳನ್ನು ಅದೇ ಸಮಯಕ್ಕೆ ಬದಲಿಸಿದರೆ ಎರಡನೇ ಬಾರಿಯ ಕೂಲಿ ಉಳಿಯುತ್ತದೆ. ಬಂಪ್ ಸ್ಟಾಪ್ ಎಷ್ಟು ಉದ್ದವಿರಬೇಕೆಂದು ಸ್ಪ್ರಿಂಗ್ ತಯಾರಕರ ಕೈಪಿಡಿ ಹೇಳುತ್ತದೆ. ಅದನ್ನು ಕಿತ್ತೆಸೆಯುವುದು ಮಾತ್ರ ಶಾಕ್ ಅಬ್ಸಾರ್ಬರ್‌ಗೆ ಮರಣಶಾಸನ.

ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರನ್ನು ಕೆಳಗಿಳಿಸಿ, ಅದರ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಅಂತಿಮವಾಗಿ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಅವಸರದ ಗ್ಯಾರೇಜಿನಲ್ಲಿ ಮೊದಲು ಬಿಟ್ಟುಹೋಗುವ ಹೆಜ್ಜೆ ಇದೇ ಆದುದರಿಂದ ಮಾಲೀಕರು ಎದುರಿಗೆ ನಿಂತು ನೋಡಿದರೆ ತಪ್ಪಿಲ್ಲ.

ವೀಲ್ ಅಲೈನ್‌ಮೆಂಟ್ ಕಡ್ಡಾಯ. ತಗ್ಗಿಸಿದಾಗ ಚಕ್ರದ ಮೇಲ್ತುದಿ ಒಳಕ್ಕೆ ಬಾಗಿ, ಟೋ ಅಳತೆಯೂ ಬದಲಾಗುತ್ತದೆ. ಸರಿಪಡಿಸದಿದ್ದರೆ ಹೊರಗಿನಿಂದ ಚೆನ್ನಾಗಿ ಕಾಣುವ ಟಯರಿನ ಒಳ ಅಂಚು ತಂತಿ ಕಾಣುವಷ್ಟು ಸವೆದಿರುತ್ತದೆ. ಸ್ಪ್ರಿಂಗ್ ಕೆಲವು ನೂರು ಕಿ.ಮೀ. ಓಡಿ ನೆಲೆಗೊಂಡ ಮೇಲೆ ಎರಡನೇ ಬಾರಿ ಪರೀಕ್ಷಿಸಬೇಕು. ಜೊತೆಗೆ ಹೆಡ್‌ಲೈಟ್. ಹಿಂಭಾಗಕ್ಕಿಂತ ಮುಂಭಾಗ 20 ಮಿ.ಮೀ. ಹೆಚ್ಚು ತಗ್ಗಿದರೆ 50 ಮೀಟರ್ ದೂರದಲ್ಲಿ ಬೆಳಕು 38 ಸೆಂ.ಮೀ. ಕೆಳಗೆ ಬೀಳುತ್ತದೆ. ಬೀದಿದೀಪವಿಲ್ಲದ ಹೆದ್ದಾರಿಯಲ್ಲಿ ರಸ್ತೆಗಡ್ಡ ಬಂದ ದನ ಕಾಣುವುದಕ್ಕೂ ಕಾಣದಿರುವುದಕ್ಕೂ ಇಷ್ಟೇ ಅಂತರ ಸಾಕು.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆಯನ್ನು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದು. ತಂತಿ ಕಟ್ಟಲು ಬಳಸುವ ತೆಳುವಾದ ಪ್ಲಾಸ್ಟಿಕ್ ಟೈ ಒಂದನ್ನು ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳ ಹೊಳೆಯುವ ದಂಡಕ್ಕೆ, ಸುಲಭವಾಗಿ ಸರಿಯುವಷ್ಟು ಸಡಿಲವಾಗಿ ಕಟ್ಟಿ ಕವಚದ ಬಾಯಿಗೆ ತಾಗಿಸಿಡಬೇಕು. ಧೂಳಿನ ಕವಚವಿದ್ದರೆ ತಾತ್ಕಾಲಿಕವಾಗಿ ಮೇಲಕ್ಕೆ ಸರಿಸಬೇಕು. ನಾಲ್ವರನ್ನು ಕೂರಿಸಿಕೊಂಡು ಬಸವಕಲ್ಯಾಣದಿಂದ ಹುಮನಾಬಾದ್‌ಗೆ ಸುಮಾರು 30 ಕಿ.ಮೀ. ದೂರವನ್ನು ಊರೊಳಗಿನ ರಸ್ತೆಗಳೂ ಸೇರುವಂತೆ ಹೋಗಿ ಬಂದು ನೋಡಿದರೆ, ದಂಡ ಎಷ್ಟು ಒಳಹೋಗಿತ್ತು ಎಂಬುದನ್ನು ಟೈ ಸರಿದು ನಿಂತ ಜಾಗ ತೋರಿಸುತ್ತದೆ. ಟೈ ಬಂಪ್ ಸ್ಟಾಪ್‌ಗಿಂತ ಒಂದೆರಡು ಬೆರಳು ಕೆಳಗೇ ನಿಂತಿದ್ದರೆ ಆಯ್ಕೆ ಸರಿಯಿದೆ. ಬಂಪ್ ಸ್ಟಾಪ್‌ಗೆ ಅಂಟಿ ನಿಂತಿದ್ದರೆ ಕಾಯಿಲ್‌ಓವರ್ ಉಳ್ಳವರು ಎತ್ತರವನ್ನು 10 ಮಿ.ಮೀ. ಏರಿಸಿ, ಅಲೈನ್‌ಮೆಂಟ್ ಸರಿಪಡಿಸಿ, ಇದೇ ದಾರಿಯಲ್ಲಿ ಮತ್ತೊಮ್ಮೆ ಹೋಗಿಬರಬೇಕು. ಸ್ಪ್ರಿಂಗ್ ಹಾಕಿಸಿದವರು ಕಡಿಮೆ ತಗ್ಗಿಸುವ ಸ್ಪ್ರಿಂಗ್‌ಗೆ ಬದಲಿಸಬೇಕು, ಇಲ್ಲವೇ ಗೋಣಿಚೀಲದಲ್ಲಿ ಕಟ್ಟಿಟ್ಟ ಹಳೆಯ ಸ್ಪ್ರಿಂಗ್‌ಗಳನ್ನು ಹೊರತೆಗೆಯಬೇಕು.